ಜೋ ಮಲೋನ್ 1918–19ರಲ್ಲಿ ಬರೀ 8 ಪಂದ್ಯ ಆಡಿದ್ದು ಯಾಕೆ?

ಎನ್‌ಎಚ್‌ಎಲ್ ಅನ್ನುವ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಶುರುವಾದ ವರ್ಷವೇ (1917–18) ಮಾಂಟ್ರಿಯಲ್ ಕೆನಡಿಯನ್ಸ್ ತಂಡದ ಪರ 20 ಪಂದ್ಯದಲ್ಲಿ 44 ಗೋಲು ಹೊಡೆದವನು, ಮರುವರ್ಷ ಬರೀ 8 ಪಂದ್ಯಕ್ಕೆ ಇಳಿದನಲ್ಲ, ಗಾಯವಾಗಿತ್ತಾ ಅಂತ ಕೇಳಿದ್ದೀರಿ.

ಗಾಯ ಏನೂ ಇರಲಿಲ್ಲ. ಕೆನಡಾದ ಕ್ವಿಬೆಕ್ ಸಿಟಿಯಲ್ಲಿ ಒಳ್ಳೆ ನೌಕರಿ ಸಿಕ್ಕಿತ್ತು, ಅಷ್ಟೇ. ಮಲೋನ್ ಅದೇ ಊರಿನ ಕಡೆಯವನು, 1890ರಲ್ಲಿ ಹುಟ್ಟಿದವನು, ಕಸುಬಿನಲ್ಲಿ ಟೂಲ್ ಮೇಕರ್. ಆಗಿನ ಐಸ್ ಹಾಕಿ ಅಂದರೆ ಚಳಿಗಾಲದ ಕೆಲವು ತಿಂಗಳ ದುಡಿಮೆ. ಉಳಿದ ವರ್ಷ ಮನೆ ನಡೆಯಬೇಕಲ್ವಾ? ಹಾಗಾಗಿ ನೌಕರಿ ಬಿಡಲಿಲ್ಲ, ಮಾಂಟ್ರಿಯಲ್‌ನಲ್ಲಿ ಪಂದ್ಯ ಇದ್ದಾಗ ಬಿಡುವು ಮಾಡಿಕೊಂಡು ಹೋಗಿ ಆಡಿದ. ನಮ್ಮಲ್ಲೂ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಇದ್ದುಕೊಂಡು ಹಾಕಿ ಆಡಿದವರು ಎಷ್ಟೋ ಜನ ಇದ್ದಾರೆ. ಆದರೆ ಇಲ್ಲಿ ಆಟ ನೋಡಿ ಕೆಲಸ ಕೊಟ್ಟರು, ಅವನಿಗೆ ಕೆಲಸವೇ ಆಟಕ್ಕೆ ಅಡ್ಡ ಬಂತು.

ಅದೇ ಸೀಸನ್ನಿನ ಕೊನೆಗೆ ಮಾಂಟ್ರಿಯಲ್ ಕೆನಡಿಯನ್ಸ್ ತಂಡ ಐಸ್ ಹಾಕಿಯ ದೊಡ್ಡ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಆಡೋಕೆ ಸಿಯಾಟಲ್‌ಗೆ ಹೋಯಿತು. ಅಲ್ಲಿ ಸ್ಪ್ಯಾನಿಷ್ ಫ್ಲೂ ತಗುಲಿ ಆಟಗಾರರು ಒಬ್ಬೊಬ್ಬರಾಗಿ ಮಲಗಿದರು. ಫೈನಲ್ ಅರ್ಧಕ್ಕೇ ನಿಂತಿತು. ಕ್ವಿಬೆಕ್‌ನಲ್ಲಿ ಮಲೋನ್ ಜೊತೆ ವರ್ಷಗಟ್ಟಲೆ ಆಡಿದ್ದ ಜೋ ಹಾಲ್ 1919ರ ಏಪ್ರಿಲ್ 5ರಂದು ತೀರಿಕೊಂಡ. ಮಲೋನ್ ಆ ತಂಡದ ಜೊತೆ ಹೋಗಿರಲಿಲ್ಲ.

ಅವನ ಹೆಸರು ಎನ್‌ಎಚ್‌ಎಲ್‌ಗಿಂತ ಹಳೆಯದು. ಕ್ವಿಬೆಕ್ ಬುಲ್‌ಡಾಗ್ಸ್ ಪರ 1912, 1913ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿದ್ದ. 1913ರಲ್ಲಿ ಸಿಡ್ನಿ ವಿರುದ್ಧ (ಆಸ್ಟ್ರೇಲಿಯಾದ ಸಿಡ್ನಿ ಅಲ್ಲ, ನೋವಾ ಸ್ಕೋಶಿಯಾದ್ದು) ಒಂದೇ ಪಂದ್ಯದಲ್ಲಿ 9 ಗೋಲು ಹೊಡೆದ. 1917ರಲ್ಲಿ ಕ್ವಿಬೆಕ್ ತಂಡ ಕಣಕ್ಕೆ ಇಳಿಯಲಿಲ್ಲ, ಅದಕ್ಕೇ ಕೆನಡಿಯನ್ಸ್ ಪಾಲಾದ. ಡಿಸೆಂಬರ್ 19ರಂದು, ಲೀಗಿನ ಮೊದಲ ರಾತ್ರಿಯೇ, ಒಟ್ಟಾವಾ ವಿರುದ್ಧ 5 ಗೋಲು.

20 ಪಂದ್ಯದಲ್ಲಿ 44 ಅಂದರೆ ಈಗಿನವರಿಗೆ ತಮಾಷೆ ಅನಿಸುತ್ತೆ. ಆಗಿನ ನಿಯಮ ಸ್ವಲ್ಪ ನೋಡಬೇಕು. ಆ ಸೀಸನ್ ಶುರುವಾದಾಗ ಗೋಲಿ (ಗೋಲ್ ಕೀಪರ್) ಬಿದ್ದು ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ) ತಡೆಯುವ ಹಾಗಿರಲಿಲ್ಲ. ನಿಂತೇ ತಡೀಬೇಕು, ಬಿದ್ದರೆ ಪೆನಾಲ್ಟಿ. 1918ರ ಜನವರಿಯಲ್ಲಷ್ಟೇ ಅದನ್ನು ಸಡಿಲಿಸಿದರು. ಆದರೆ ಫಾರ್ವರ್ಡ್‌ಗಳಿಗೂ ಆಟ ಸುಲಭ ಇರಲಿಲ್ಲ. ಮುಂದಕ್ಕೆ ಪಾಸ್ ಕೊಡೋದೇ ಆ ವರ್ಷ ನಿಷೇಧ. ಪಕ್ಕಕ್ಕೋ ಹಿಂದಕ್ಕೋ ಕೊಡಬಹುದು, ಇಲ್ಲದಿದ್ದರೆ ಪಕ್ ಅನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ತಾನೇ ಡಿಫೆನ್ಸ್ ದಾಟಬೇಕು. ಬದಲಿ ಆಟಗಾರರೂ ಕಮ್ಮಿ, ಹೆಚ್ಚುಕಮ್ಮಿ 60 ನಿಮಿಷವೂ ಐಸ್ ಮೇಲೇ ಇರಬೇಕು. ಮಲೋನ್ ಗುದ್ದಾಟದವನಲ್ಲ, ಇಬ್ಬರ ಮಧ್ಯೆ ಸಂದು ಸಿಕ್ಕರೆ ಸಾಕು, ನುಸುಳಿಬಿಡುತ್ತಿದ್ದ. ಅದಕ್ಕೇ ‘ಫ್ಯಾಂಟಮ್ ಜೋ’, ಅಂದರೆ ಭೂತದಂಥ ಜೋ, ಅಂದರು. ಗೋಲಿ ನಿಯಮದಿಂದಲೇ ಇಷ್ಟೆಲ್ಲ ಗೋಲು ಬಂತು ಅನ್ನುವವರ ಮಾತು ನಾನಂತೂ ಒಪ್ಪಲ್ಲ. ಅದೇ ನಿಯಮದಲ್ಲಿ ಬೇರೆಯವರೂ ಆಡಿದರು, 44ರ ತನಕ ಯಾರೂ ಬರಲಿಲ್ಲ.

ನೀವು ಕೇಳದಿದ್ದರೂ ಒಂದೇ ಪಂದ್ಯದ 7 ಗೋಲಿನ ಕಥೆ ಹೇಳಲೇಬೇಕು. 1919–20ಕ್ಕೆ ಕ್ವಿಬೆಕ್ ತಂಡ ಮತ್ತೆ ಬಂತು, ಮಲೋನ್ ಊರಿಗೆ ವಾಪಸ್. ತಂಡ ಮಾತ್ರ ಡಬ್ಬಾ. 24 ಪಂದ್ಯದಲ್ಲಿ ಗೆದ್ದಿದ್ದು 4. ಅಂಥ ತಂಡದಲ್ಲಿದ್ದುಕೊಂಡೇ ಅವನು 39 ಗೋಲು ಹೊಡೆದು ಇಡೀ ಲೀಗಿಗೆ ಮೊದಲಿಗನಾದ. ಜನವರಿ 31ರಂದು ಕೊರೆಯುವ ಚಳಿ, ಸ್ಟ್ಯಾಂಡ್‌ನಲ್ಲಿ ಜನವೇ ಕಮ್ಮಿ. ಟೊರೊಂಟೊ ಸೇಂಟ್ ಪ್ಯಾಟ್ಸ್ ವಿರುದ್ಧ 10–6ರ ಗೆಲುವು, ಅದರಲ್ಲಿ 7 ಇವನದೇ. ಮಾರ್ಚ್‌ನಲ್ಲಿ ಒಟ್ಟಾವಾ ವಿರುದ್ಧ ಇನ್ನೊಂದು 6.

ಆಮೇಲೆ ತಂಡ ಹ್ಯಾಮಿಲ್ಟನ್‌ಗೆ ಹೋಯಿತು. ಅಲ್ಲೂ ಎರಡು ಸೀಸನ್ ಗೋಲು ಹೊಡೆದ, ತಂಡ ಮಾತ್ರ ಕೊನೇ ಸ್ಥಾನ ಬಿಟ್ಟು ಮೇಲೇಳಲಿಲ್ಲ. 1922ರಲ್ಲಿ ಕೆನಡಿಯನ್ಸ್‌ಗೆ ಮರಳಿ ಬಂದಾಗ ಬದಲಿ ಆಟಗಾರ. ಆ ಸೀಸನ್ನಿನಲ್ಲಿ 20 ಪಂದ್ಯಕ್ಕೆ ಒಂದೇ ಗೋಲು. 1923ರ ಅಭ್ಯಾಸ ಶಿಬಿರಕ್ಕೆ ಹೊಸ ಹುಡುಗನೊಬ್ಬ ಬಂದ, ಹೋವಿ ಮೊರೆಂಜ್. ಅವನ ಸ್ಕೇಟಿಂಗ್ ನೋಡಿದಾಗಲೇ ತನ್ನ ಕಾಲ ಮುಗಿಯಿತು ಅಂತ ಗೊತ್ತಾಯಿತು ಅಂತ ಮಲೋನ್ ಮುಂದೆ ಹೇಳಿಕೊಂಡಿದ್ದಾನೆ. 1924ಕ್ಕೆ ಆಟ ಬಿಟ್ಟ.

ಒಂದು ಸೀಸನ್ನಿಗೆ 44 ಗೋಲಿನ ದಾಖಲೆ 1945ರಲ್ಲಿ ಮೋರಿಸ್ ರಿಷಾರ್ ಮುರಿದ, 50 ಪಂದ್ಯದಲ್ಲಿ 50 ಹೊಡೆದು. ಎನ್‌ಎಚ್‌ಎಲ್‌ನ ಒಂದೇ ಪಂದ್ಯದಲ್ಲಿ 7 ಗೋಲಿನದ್ದು ಇನ್ನೂ ಹಾಗೇ ಇದೆ. 1968ರಲ್ಲಿ ರೆಡ್ ಬೆರೆನ್ಸನ್, 1976ರಲ್ಲಿ ಡ್ಯಾರಿಲ್ ಸಿಟ್ಲರ್ ಇಬ್ಬರೂ ಆರಕ್ಕೇ ನಿಂತರು.