ಡಲ್ಲಾಸ್‌ನಂಥ ಊರಲ್ಲಿ ಚಳಿಗಾಲಕ್ಕೆ ಬೋಟ್ ಎಂಜಿನ್ ನೀರು ಖಾಲಿ ಮಾಡ್ಲೇಬೇಕಾ, ಒಳಗೆ ಬಿಸಿಗೆ ಅಂತ ಬಲ್ಬ್ ಹಾಕಿಟ್ರೆ ಸಾಲಲ್ವಾ?

ಸಾಲಲ್ಲ ಸರ್. ನೀರು ತೆಗೀಲೇಬೇಕು.

ಸೆಕೆಂಡ್ ಹ್ಯಾಂಡ್ ಬೋಟು, 4.3 ಲೀಟರ್ ಮರ್ಕ್ರೂಸರ್ ಎಂಜಿನ್ನು, ಟ್ರೇಲರ್ ಮೇಲೆ ಮನೆ ಮುಂದೇನೇ ನಿಂತಿರುತ್ತೆ ಅಂದ್ರಿ, ಪಕ್ಕದ ಮನೆಯವರು "ಇದೇನು ಮಿನ್ನೆಸೋಟಾನಾ, 100 ವಾಟ್ ಬಲ್ಬ್ ಹಾಕಿ ಮಲ್ಕೊಳ್ಳಿ" ಅಂದ್ರು ಅಂದ್ರಿ. ನಾನೂ ಟೆಕ್ಸಾಸಲ್ಲೇ ಇರೋದು, ಇಲ್ಲಿ ಬೋಟ್ ಇಟ್ಟಿರೋರಲ್ಲಿ ಎಷ್ಟೋ ಜನ ಇದನ್ನೇ ಹೇಳ್ತಾರೆ. ಆದ್ರೆ ಆ ಬಲ್ಬಿಗೆ ಕರೆಂಟ್ ಬೇಕಲ್ಲ? 2021ರ ಫೆಬ್ರವರಿ ನೆನಪಿದ್ಯಾ, 16ನೇ ತಾರೀಕು ಡಲ್ಲಾಸಲ್ಲಿ ಮೈನಸ್ 19 ಡಿಗ್ರಿ ಸೆಲ್ಸಿಯಸ್ ಹತ್ರ ಹೋಗಿತ್ತು, ರಾಜ್ಯದಲ್ಲಿ 40 ಲಕ್ಷಕ್ಕೂ ಹೆಚ್ಚು ಕನೆಕ್ಷನ್‌ಗೆ ಕರೆಂಟೇ ಇರ್ಲಿಲ್ಲ. ಬಲ್ಬ್ ನಿಜವಾಗ್ಲೂ ಬೇಕಾಗೋ ರಾತ್ರೀನೇ ಅದು ಕೈ ಕೊಡೋದು. ಅದೂ ಅಲ್ದೆ ಪೆಟ್ರೋಲ್ ಆವಿ ನಿಲ್ಲೋ ಜಾಗದಲ್ಲಿ ಮನೆ ಬಲ್ಬ್ ಹಾಕೋದು ನಂಗಂತೂ ಹುಚ್ಚುತನ ಅನ್ಸುತ್ತೆ, ಹೀಟರ್ ಬೇಕೇ ಬೇಕು ಅಂದ್ರೆ ಇಗ್ನಿಷನ್ ಪ್ರೊಟೆಕ್ಟೆಡ್ (ಕಿಡಿಯಿಂದ ಆವಿಗೆ ಬೆಂಕಿ ಹತ್ತದ ಹಾಗೆ ಮಾಡಿರೋದು) ಅಂತ ಬರೆದಿರೋ ಬಿಲ್ಜ್ ಹೀಟರ್ರೇ, ಅಂದ್ರೆ ಬೋಟಿನ ತಳಕ್ಕೆ ಅಂತಾನೇ ಇರೋ ಹೀಟರ್ರೇ ತಗೊಳ್ಳಿ.

ಕಾರಲ್ಲಿ ಕೂಲೆಂಟ್ ಇರುತ್ತೆ, ಹೆಪ್ಪುಗಟ್ಟಲ್ಲ. ನಿಮ್ಮ ಬೋಟು ಕೆರೆ ನೀರನ್ನೇ ಎಳ್ಕೊಂಡು ತಣ್ಣಗಾಗೋದು, ಆಫ್ ಮಾಡಿದ್ಮೇಲೂ ಆ ನೀರು ಬ್ಲಾಕ್, ಅಂದ್ರೆ ಎಂಜಿನ್ನಿನ ಕಬ್ಬಿಣದ ಒಡಲೊಳಗೇ ಉಳ್ಕೊಳುತ್ತೆ. ಮಂಜುಗಡ್ಡೆ ಆದಾಗ ನೀರು ಸುಮಾರು 9% ಹಿಗ್ಗುತ್ತೆ, ಎರಕದ ಕಬ್ಬಿಣ ಹಿಗ್ಗಲ್ಲ, ಸೀಳುತ್ತೆ ಅಷ್ಟೇ. ಮಿನ್ನೆಸೋಟಾದಂಥ ಚಳಿಯ ಉತ್ತರದ ಕಡೆ ಅಕ್ಟೋಬರ್ ಬಂದ್ರೆ ಯಾರೂ ಚರ್ಚೆ ಮಾಡಲ್ಲ, ನೀರು ತೆಗೆದು ಮುಚ್ಚಿಡ್ತಾರೆ. ನಮ್ಮಲ್ಲಿ ಜನವರೀಲೂ ಒಂದು ಒಳ್ಳೆ ಭಾನುವಾರ ಸಿಗುತ್ತೆ ಅನ್ನೋ ಆಸೇಲಿ ಎಂಜಿನ್ ತುಂಬ ನೀರು ಇಟ್ಕೊಂಡೇ ಕೂತಿರ್ತೀವಿ, ಅದೇ ತೊಂದರೆ.

ಕೆಲಸ ಕಷ್ಟ ಏನಿಲ್ಲ. ಬೋಟು ಸಮ ನಿಲ್ಲಿಸಿ, ಡ್ರೈವ್ (ಹಿಂದೆ ಪ್ರೊಪೆಲ್ಲರ್ ಇರೋ ಭಾಗ) ಪೂರ್ತಿ ಕೆಳಗಿಳಿಸಿ. ಬ್ಲಾಕ್‌ಗೆ ಎರಡೂ ಪಕ್ಕದಲ್ಲಿ ಒಂದೊಂದು ಡ್ರೈನ್ ಪ್ಲಗ್ ಇರುತ್ತೆ, ಹೊಗೆ ಹೊರಗೆ ಹೋಗೋ ಎರಡು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೂ ಒಂದೊಂದು, ಆಮೇಲೆ ಎಂಜಿನ್ ಮುಂದಿರೋ, ನೀರು ತಿರುಗಿಸೋ ಸರ್ಕ್ಯುಲೇಟಿಂಗ್ ಪಂಪಿನ ದೊಡ್ಡ ಹೋಸನ್ನ ಕೆಳಗಡೆ ಬಿಚ್ಚಿ. ಮಾಡೆಲ್ ಪ್ರಕಾರ ಜಾಗ ಸ್ವಲ್ಪ ಬದಲಾಗುತ್ತೆ, ಮ್ಯಾನ್ಯುಯಲ್ ನೋಡ್ಕೊಳ್ಳಿ. ಈಗ ಮುಖ್ಯವಾದ ಮಾತು: ಪ್ಲಗ್ ತೆಗೆದ್ರೂ ನೀರು ಬರ್ಲಿಲ್ಲ ಅಂದ್ರೆ ಖಾಲಿ ಇದೆ ಅಂದ್ಕೋಬೇಡಿ. ಒಂದು ಗಟ್ಟಿ ತಂತಿ ಹಾಕಿ ಚುಚ್ಚಿ. ಹಳೇ ಎಂಜಿನ್ನಲ್ಲಿ ತುಕ್ಕು, ಮರಳು ಸೇರ್ಕೊಂಡು ತೂತು ಕಟ್ಕೊಂಡಿರುತ್ತೆ, ಮೊದಲು ಒಂದೆರಡು ಹನಿ, ಚುಚ್ಚುತ್ತಾ ಇದ್ದ ಹಾಗೆ ಒಂದಿಷ್ಟು ಕಂದು ಬಣ್ಣದ ಕೆಸರು, ಆಮೇಲೆ ಬುಳಬುಳ ಅಂತ ನೀರು ಸುರಿಯೋಕೆ ಶುರು ಆಗುತ್ತೆ. ಪೂರ್ತಿ ನಿಲ್ಲೋವರೆಗೂ ಚುಚ್ಚುತ್ತಾ ಇರಿ. ಒಂದ್ಸಲ ಕೈ ಪಳಗಿದ್ರೆ ಅರ್ಧ ಗಂಟೆ ಸಾಕು, ಡಿಸೆಂಬರಿಂದ ಫೆಬ್ರವರಿವರೆಗೆ ಪ್ರತಿ ಸಲ ಕೆರೆಯಿಂದ ಬಂದ್ಮೇಲೂ ಮಾಡಿ.

ಪಿಂಕ್ ಆಂಟಿಫ್ರೀಜ್ (ಚಳೀಲಿ ಹೆಪ್ಪುಗಟ್ಟದ ಗುಲಾಬಿ ದ್ರವ) ಹಾಕೋದಾದ್ರೆ ನೀರು ತೆಗೆದು, ಪ್ಲಗ್ ವಾಪಸ್ ಹಾಕಿದ್ಮೇಲೇ ಹಾಕಿ. ಡ್ರೈವ್‌ಗೆ ಇಯರ್‌ಮಫ್ (ನೀರು ಎಳ್ಕೊಳೋ ತೂತಿಗೆ ಹೋಸ್ ಸೇರಿಸೋ ರಬ್ಬರ್ ಕಪ್ಪು) ಕೊಟ್ಟು ಎಂಜಿನ್ ಓಡಿಸಿ ಎಳೆಸಿದ್ರೆ, ಎಂಜಿನ್ ಬಿಸಿ ಆಗೋವರೆಗೂ ಥರ್ಮೋಸ್ಟಾಟ್ (ಬಿಸಿಗೆ ತೆರೆಯೋ ವಾಲ್ವ್) ಮುಚ್ಚಿರೋದ್ರಿಂದ ಅದು ಬ್ಲಾಕ್‌ಗೆ ಹೋಗ್ದೆ ಎಕ್ಸಾಸ್ಟಲ್ಲಿ ಹೊರಗೆ ಹೋಗ್ಬಿಡುತ್ತೆ, ಇಲ್ಲಾ ಉಳಿದ ನೀರಲ್ಲಿ ಬೆರೆತು ತೆಳ್ಳಗಾಗುತ್ತೆ. ಥರ್ಮೋಸ್ಟಾಟ್ ಹತ್ರ ಹೋಸ್ ಬಿಚ್ಚಿ ಅಲ್ಲಿಂದಾನೇ ಸುರೀರಿ. ಕಾರಿನ ಎಥಿಲೀನ್ ಗ್ಲೈಕಾಲ್ ಬೇಡವೇ ಬೇಡ, ಸಿಹಿಯಾಗಿರುತ್ತೆ, ಡ್ರೈವ್‌ವೇಲಿ ಚೆಲ್ಲಿದ್ದನ್ನ ನಾಯಿ ನೆಕ್ಕಿದ್ರೆ ಸತ್ತೇ ಹೋಗುತ್ತೆ.

ಡ್ರೈವ್ ಒಳಗಿನ ಗೇರ್ ಆಯಿಲ್ ಒಂದು ಸ್ವಲ್ಪ ತೆಗೆದು ನೋಡಿ, ಹಾಲಿನ ಥರ ಇದ್ರೆ ಸೀಲ್ ಹೋಗಿದೆ, ಒಳಗೆ ನೀರಿದೆ ಅಂತ ಅರ್ಥ. ಔಟ್‌ಬೋರ್ಡ್ (ಬೋಟಿನ ಹಿಂದೆ ಹೊರಗೆ ತೂಗಿರೋ ಎಂಜಿನ್) ಇರೋ ಫ್ರೆಂಡ್ಸ್‌ಗೆ ಇಷ್ಟೆಲ್ಲಾ ರಗಳೆ ಇಲ್ಲ, ನೆಟ್ಟಗೆ ಕೆಳಗಿಳಿಸಿ ನಿಲ್ಲಿಸಿದ್ರೆ ನೀರು ತಾನೇ ಇಳಿದು ಹೋಗುತ್ತೆ.

ಬಿಚ್ಚಿದ ಪ್ಲಗ್‌ಗಳನ್ನ ಜಿಪ್ ಕವರಲ್ಲಿ ಹಾಕಿ ಬೋಟಿನ ಕೀಗೇ ಕಟ್ಟಿಡಿ. ಅವನ್ನ ಹಾಕ್ದೆ ಸ್ಟಾರ್ಟ್ ಮಾಡಿದ್ರೆ ಪಂಪು ಕೆರೆ ನೀರನ್ನ ಸೀದಾ ನಿಮ್ಮ ಬೋಟಿನೊಳಗೇ ತುಂಬುತ್ತೆ.