ಬಿ.ಕಾಂ. ಮುಗಿಯುತ್ತಿದೆ. ಫೈನಾನ್ಸ್, ಲಾ ಎರಡೂ ಇರುವ ಎರಡು ವರ್ಷದ ಪಿ.ಜಿ. ಯಾವುದು ಮಾಡಲಿ?

"ಮತ್ತೆ ಮೂರು ವರ್ಷ ಇನ್ನೊಂದು ಡಿಗ್ರಿ ಓದಲು ಮನಸ್ಸಿಲ್ಲ, ಸೀದಾ ಮಾಸ್ಟರ್ಸ್ ಬೇಕು" ಅಂತ ಬರೆದಿದ್ದೀರಲ್ಲ, ಆ ಸಾಲು ನನ್ನದು. 2011ರಲ್ಲಿ ಸಿಕ್ಕವರಿಗೆಲ್ಲ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದೆ.

ದಾವಣಗೆರೆಯಲ್ಲಿ ಬಿ.ಕಾಂ., ಶಂಕರಘಟ್ಟದಲ್ಲಿ ಎಂ.ಕಾಂ. ಮುಗಿಸಿ ಹುಬ್ಬಳ್ಳಿಯ ಒಂದು ಫೈನಾನ್ಸ್ ಕಂಪನಿಯ ವಸೂಲಾತಿ ವಿಭಾಗ ಸೇರಿದ್ದೆ. ಕೆಲಸ ಅಂದರೆ ಕಂತು ಕಟ್ಟದವರ ಫೈಲು ಹಿಡಿದು ಕಂಪನಿ ವಕೀಲರ ಆಫೀಸಿಗೆ ಅಲೆಯುವುದು. ಚೆಕ್ ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ನೋಟಿಸ್ ಹೋಗಬೇಕು. ಆ ತಾರೀಕು ನೆನಪಿಡುವವನು ನಾನು, ಬಡ್ಡಿ ಲೆಕ್ಕ ಹಾಕುವವನು ನಾನು, ಕರಡು ಟೈಪ್ ಮಾಡಿಸುವವನೂ ನಾನು. ವಕೀಲರು ಕೊನೆಯ ಪುಟಕ್ಕೆ ಸಹಿ ಹಾಕಿ ಫೀಸು ತಗೊಳ್ಳುತ್ತಿದ್ದರು. ಈ ಸಹಿ ನಾನೇ ಯಾಕೆ ಹಾಕಬಾರದು ಅಂತ ತಲೆಗೆ ಹೊಕ್ಕಿದ್ದು ಅಲ್ಲೇ.

ಆ ವಕೀಲರು ಒಳ್ಳೆಯ ಮನುಷ್ಯ. "ಮೂರ್ ವರ್ಷದ ಎಲ್‌ಎಲ್‌.ಬಿ. ಮಾಡ್ರಿ, ಕಾಲೇಜು ಇಲ್ಲೇ ಐತಿ" ಅಂದಿದ್ದರು. ಊರಿಗೆ ಹೋದಾಗ ಮಾವನ ಹತ್ತಿರ ಹೇಳಿದೆ. "ಎಂ.ಕಾಂ. ಆದೋನು ಮತ್ತೆ 'ಬಿ' ಅಂತ ಶುರುವಾಗೋದು ಓದ್ತೀಯೇನೋ? ಅಟ್ಟ ಹತ್ತಿದೋನು ಮತ್ತೆ ಏಣಿ ಹುಡುಕ್ತಾನಾ?" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗು ನನಗೆ ಎಷ್ಟು ದುಬಾರಿಯಾಯಿತು ಅನ್ನುವುದೇ ಈ ಉತ್ತರ.

ಒಂದು ದೂರಶಿಕ್ಷಣ ಕೋರ್ಸು ಸಿಕ್ಕಿತು. ವ್ಯಾಪಾರ ಕಾನೂನಿನಲ್ಲಿ ಮಾಸ್ಟರ್ಸ್, ಎರಡು ವರ್ಷ, ಪುಸ್ತಕ ಅಂಚೆಯಲ್ಲಿ ಬರುತ್ತದೆ, ಕೆಲಸ ಬಿಡಬೇಕಿಲ್ಲ. ಹೆಸರಿನಲ್ಲಿ ಮಾಸ್ಟರ್ ಇದೆ, ಲಾ ಇದೆ, ಕಂಪನಿ ಕಾಯ್ದೆಯಿಂದ ಬ್ಯಾಂಕಿಂಗ್ ಕಾನೂನಿನವರೆಗೆ ಎಲ್ಲ ಇದೆ. ಅರ್ಹತೆ: ಯಾವುದೇ ಪದವಿ. 2012ರಿಂದ 2014, ಚೆನ್ನಾಗಿ ಓದಿ ಒಳ್ಳೆ ಮಾರ್ಕ್ಸ್ ತಗೊಂಡೆ. ಕೋರ್ಸಿನವರು ನನಗೇನೂ ಮೋಸ ಮಾಡಲಿಲ್ಲ. ಇದು ವಕೀಲಿಕೆಗೆ ಆಗುತ್ತದೆ ಅಂತ ಅವರು ಎಲ್ಲೂ ಬರೆದಿರಲಿಲ್ಲ. ನಾನು ಕೇಳಲೂ ಇಲ್ಲ.

2017ರ ಶುರುವಿನಲ್ಲಿ ಸರ್ಕಾರಿ ಬ್ಯಾಂಕುಗಳ ಲಾ ಆಫೀಸರ್ ಹುದ್ದೆಗೆ ಲಿಖಿತ ಪರೀಕ್ಷೆ ಪಾಸಾದೆ. ವಯಸ್ಸು 29. ಬೆಂಗಳೂರಲ್ಲಿ ಸಂದರ್ಶನ, ಅದಕ್ಕೂ ಮೊದಲು ದಾಖಲೆ ಪರಿಶೀಲನೆಯ ಮೇಜು. ಅಲ್ಲಿದ್ದ ಮೇಡಂ ನನ್ನ ಫೈಲಿನ ದಾರ ಬಿಚ್ಚಿ ಒಂದೊಂದೇ ಹಾಳೆ ಮಗುಚಿದರು. "ಎಲ್‌ಎಲ್‌.ಬಿ. ಮಾರ್ಕ್ಸ್ ಕಾರ್ಡ್?" ಮಾಸ್ಟರ್ಸ್ ಸರ್ಟಿಫಿಕೇಟು ಮುಂದೆ ಸರಿಸಿದೆ. ಅವರು ಅದನ್ನೆತ್ತಿ ಕೆಳಗೆ ಇನ್ನೊಂದು ಹಾಳೆ ಇದೆಯಾ ನೋಡಿದರು. "ಸನ್ನದು ಎಲ್ಲಿ?" ಅಂದರೆ ವಕೀಲಿಕೆ ಮಾಡಲು ವಕೀಲರ ಬಾರ್ ಕೌನ್ಸಿಲ್ ಕೊಡುವ ಪರವಾನಗಿ. ನಾನು "ಇದು ಎಲ್‌ಎಲ್‌.ಬಿ.ಗಿಂತ ಮೇಲಿನದು ಮೇಡಂ, ಮಾಸ್ಟರ್ಸ್" ಅಂದೆ. ಆರು ವರ್ಷ ವಸೂಲಾತಿಯಲ್ಲಿದ್ದವನು ನಿಜವಾಗಲೂ ಹಾಗಂದೆ. ಅವರು ನಗಲಿಲ್ಲ. ಹಾಳೆಗಳನ್ನು ಸರಿಮಾಡಿ, ದಾರ ಮತ್ತೆ ಪೋಣಿಸಿ, ಗಂಟು ಹಾಕಿ ಫೈಲು ವಾಪಸ್ ಕೊಟ್ಟರು.

ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ. ಹತ್ತು ಜನ ಇದೇ ಗುಂಡಿಗೆ ಬಿದ್ದದ್ದನ್ನು ಆಮೇಲೆ ನೋಡಿದ್ದೇನೆ. 1961ರ ಅಡ್ವೊಕೇಟ್ಸ್ ಕಾಯ್ದೆಯ ಪ್ರಕಾರ ಸನ್ನದು ಸಿಗುವುದು ಬಾರ್ ಕೌನ್ಸಿಲ್ ಮಾನ್ಯ ಮಾಡಿದ ಕಾನೂನು ಪದವಿ ಇದ್ದವರಿಗೆ ಮಾತ್ರ. ಅಂದರೆ ಪಿ.ಯು.ಸಿ. ಆದ ಮೇಲಿನ ಐದು ವರ್ಷದ್ದು, ಇಲ್ಲವೇ ಡಿಗ್ರಿ ಆದ ಮೇಲಿನ ಮೂರು ವರ್ಷದ್ದು. ಅದಿಲ್ಲದೆ ಕಾನೂನಿನಲ್ಲಿ ಎಷ್ಟು ಮಾಸ್ಟರ್ಸ್ ಮಾಡಿದರೂ ಕೋರ್ಟಿನ ಲೆಕ್ಕದಲ್ಲಿ ನೀವು ಕಾನೂನು ಓದಿದ ಕಕ್ಷಿದಾರ, ಅಷ್ಟೆ. ಬ್ಯಾಂಕಿನ ಲಾ ಆಫೀಸರ್ ಹುದ್ದೆಗೂ ಪದವಿ ಮತ್ತು ಸನ್ನದು ಎರಡೂ ಬೇಕು. "ಯಾವುದೇ ಪದವಿ ಸಾಕು" ಅನ್ನುವ ಸಾಲು ನನಗೆ ಅನುಕೂಲವಾಗಿ ಕಂಡಿತ್ತು, ಅದು ಎಚ್ಚರಿಕೆ ಆಗಬೇಕಿತ್ತು. ಕಾನೂನು ಓದದವನನ್ನು ಸೇರಿಸಿಕೊಳ್ಳುವ ಕಾನೂನು ಮಾಸ್ಟರ್ಸ್ ಅವನನ್ನು ವಕೀಲ ಮಾಡುವುದು ಹೇಗೆ? ಈಗ ಲೆಕ್ಕ ಹಾಕಿ. 2012ರಲ್ಲೇ ಎಲ್‌ಎಲ್‌.ಬಿ. ಸೇರಿದ್ದರೆ 2015ಕ್ಕೆ ಸನ್ನದು, ಆಗ ನನಗೆ 27. ಆ ಹುದ್ದೆಯ ವಯೋಮಿತಿ 30, ಮೀಸಲಾತಿ ಸಡಿಲಿಕೆ ನನಗಿಲ್ಲ. ಎರಡು ಮೂರು ಸಲ ಬರೆಯಬಹುದಿತ್ತು. ಬದಲಿಗೆ ಎರಡು ವರ್ಷ ಓದಿದೆ, ಮೂರು ವರ್ಷ ಅರ್ಹತೆ ಇದೆ ಅಂದುಕೊಂಡು ಅದೇ ಕುರ್ಚಿಯಲ್ಲಿ ಕೂತೆ. ಹೋದದ್ದು ಫೀಸಲ್ಲ, ಆ ಮೂರು ವರ್ಷ.

2018ರಲ್ಲಿ, 30ಕ್ಕೆ, ಕೊನೆಗೂ ಆ 'ಬಿ' ಸೇರಿದೆ. ಅದೂ ಅದೃಷ್ಟವೇ. ಮೂರು ವರ್ಷದ ಕೋರ್ಸಿಗೆ 30ರ ಮಿತಿ ಅಂತ ಬಾರ್ ಕೌನ್ಸಿಲ್ 2016ರಲ್ಲಿ ಹೇಳಿತ್ತು, 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತ್ತು. ಪ್ರತಿ ವಿಷಯಕ್ಕೂ ಶೇ. 70 ಹಾಜರಾತಿ ಬೇಕು, ಹಾಗಾಗಿ ಕೆಲಸ ಬಿಟ್ಟೆ. ಆಗಷ್ಟೇ ಜಿ.ಎಸ್.ಟಿ. ಬಂದು ವರ್ಷವಾಗಿತ್ತು, ದುರ್ಗದಬೈಲಿನ ಅಂಗಡಿಯವರಿಗೆಲ್ಲ ರಿಟರ್ನ್ ತಲೆನೋವು. ಬೆಳಗ್ಗೆ ಕ್ಲಾಸು, ಸಂಜೆ ಅವರ ಬಿಲ್ಲುಗಳು. ತಿಂಗಳ 20ನೇ ತಾರೀಕು 3ಬಿ ಅನ್ನುವ ಜಿ.ಎಸ್.ಟಿ. ರಿಟರ್ನಿಗೆ ಕೊನೆಯ ದಿನ, ಸೆಮಿಸ್ಟರ್ ಪರೀಕ್ಷೆಯೂ ಅದೇ ವಾರ ಬೀಳುತ್ತಿತ್ತು. ಆ ಮೂರು ವರ್ಷ ಹೆಂಡತಿಯ ಸಂಬಳದಲ್ಲಿ ಮನೆ ನಡೆಯಿತು, ಅದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ.

ಈಗ ಬೆಂಗಳೂರಲ್ಲಿ ಒಬ್ಬ ಸೀನಿಯರ್ ಕೈಕೆಳಗೆ ಇದ್ದೇನೆ. ಸಾಲ ವಸೂಲಾತಿ ನ್ಯಾಯಮಂಡಳಿ, ಎನ್.ಸಿ.ಎಲ್.ಟಿ. (ಕಂಪನಿ ಕಾನೂನು ನ್ಯಾಯಮಂಡಳಿ) ಎರಡೂ ಇಲ್ಲೇ ಇರುವುದರಿಂದ ಹುಬ್ಬಳ್ಳಿ ಬಿಡಬೇಕಾಯಿತು. ನೀವು ಕೇಳುತ್ತಿರುವ "ಎರಡೂ ಸೇರಿದ್ದು" ಇಲ್ಲಿ ದಿನಾ ನೋಡುತ್ತೇನೆ. ಒಂದು ಅಕ್ಕಿ ಗಿರಣಿಯ ಕೇಸು ಬಂತು, ಸರ್ಫೇಸಿ ಕಾಯ್ದೆಯ 13(2) ನೋಟಿಸು, ಅಂದರೆ ಅಡವಿಟ್ಟ ಆಸ್ತಿಗೆ ಕೈಹಾಕುವ ಮೊದಲು ಬ್ಯಾಂಕು ಬಾಕಿ ಕಟ್ಟಿ ಅಂತ ಕೊಡುವ ನೋಟಿಸು. ಸೀನಿಯರ್ ನೋಟಿಸಿನ ಒಕ್ಕಣೆ ಓದುತ್ತಿದ್ದರು. ನಾನು ಖಾತೆಯ ಸ್ಟೇಟ್‌ಮೆಂಟ್ ತೆಗೆದು ಬ್ಯಾಲೆನ್ಸ್ ಕಾಲಮಿನ ಮೇಲೆ ಬೆರಳಿಟ್ಟು ಇಳಿಸುತ್ತಾ ಹೋದೆ. ಬಾಕಿ ಶುರುವಾದದ್ದು ಡಿಸೆಂಬರ್ 31ಕ್ಕೆ. ಬ್ಯಾಂಕು ಎನ್.ಪಿ.ಎ. (ಕಂತು ಬಾರದೆ ಕೆಟ್ಟ ಸಾಲ) ಅಂತ ಘೋಷಿಸಿದ್ದು ಮಾರ್ಚ್ 15ಕ್ಕೆ. ಎಣಿಸಿದರೆ 74 ದಿನ, ಬೇಕಿದ್ದದ್ದು 90. ಗಿರಣಿಯ ಪರ ನಮ್ಮ ಅರ್ಜಿಯ ಮೊದಲ ಆಧಾರ ಅದೇ ಆಯಿತು. ಅದನ್ನು ಹುಡುಕಲು ಸಂಯುಕ್ತ ಪದವಿಯೇನೂ ಬೇಕಾಗಲಿಲ್ಲ, ಹುಬ್ಬಳ್ಳಿಯ ಆ ಕುರ್ಚಿ ಸಾಕಾಯಿತು. ಆದರೆ ಅದನ್ನು ಎದ್ದು ನಿಂತು ಹೇಳಲು ಸನ್ನದು ಬೇಕಿತ್ತು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡೂ ಸೇರಿದ ಪಿ.ಜಿ. ಹುಡುಕಬೇಡಿ. ಫೈನಾನ್ಸನ್ನು ಕೆಲಸ ಕಲಿಸುತ್ತದೆ, ಲಾಗೆ ಮಾತ್ರ ಬೇಲಿ ಇದೆ, ಗೇಟು ಒಂದೇ. ಆಕ್ಸ್‌ಫರ್ಡಿನಲ್ಲಿ ಹೆಸರಲ್ಲೇ ಲಾ ಮತ್ತು ಫೈನಾನ್ಸ್ ಎರಡೂ ಇರುವ ಎಂ.ಎಸ್ಸಿ. ಇದೆ, ಅದೂ ಮೊದಲು ಕೇಳುವುದು ಕಾನೂನು ಪದವಿಯನ್ನೇ. ಎರಡೂ ಒಟ್ಟಿಗೆ ಬೇಕೇ ಬೇಕು ಅಂದರೆ ನಾನು ಮಾಡಿದ್ದನ್ನು ತಲೆಕೆಳಗು ಮಾಡಿ: ಎಲ್‌ಎಲ್‌.ಬಿ. ರೆಗ್ಯುಲರ್, ಎಂ.ಕಾಂ. ದೂರಶಿಕ್ಷಣ. ಎರಡು ರೆಗ್ಯುಲರ್ ಕೋರ್ಸು ಒಟ್ಟಿಗೆ ಮಾಡಲು ಬಾರ್ ಕೌನ್ಸಿಲ್ ನಿಯಮ ಬಿಡುವುದಿಲ್ಲ, ದೂರಶಿಕ್ಷಣಕ್ಕೆ ವಿನಾಯಿತಿ ಇದೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಉಂಟು.

ಕೋರ್ಟು ಬೇಡ, ಕಂಪನಿಯೊಳಗೇ ಇರುತ್ತೇನೆ ಅನ್ನುವುದಾದರೆ ಸಿ.ಎಸ್. (ಕಂಪನಿ ಸೆಕ್ರೆಟರಿ) ಮಾಡಿ. ನಿಜವಾಗಿ ಎರಡೂ ಸೇರಿದ್ದು ಅಂದರೆ ಅದೇ. ಕಂಪನಿ ಕಾಯ್ದೆಯ 432ನೇ ಕಲಂ ಪ್ರಕಾರ ಸಿ.ಎ., ಸಿ.ಎಸ್., ಕಾಸ್ಟ್ ಅಕೌಂಟೆಂಟ್ ಮೂವರೂ ಎನ್.ಸಿ.ಎಲ್.ಟಿ. ಮುಂದೆ ವಾದಿಸಬಹುದು. ಮನೆಯವರಿಗೆ 'ಮಾಸ್ಟರ್' ಅಂತ ಹೇಳಲೇಬೇಕಿದ್ದರೆ, 2021ರಲ್ಲಿ ಯು.ಜಿ.ಸಿ. ಈ ಮೂರನ್ನೂ ಸ್ನಾತಕೋತ್ತರಕ್ಕೆ ಸಮ ಅಂದಿದೆ, ನಿಮ್ಮ ಮಾವನಿಗೆ ಅದನ್ನು ತೋರಿಸಿ. ಎಂ.ಬಿ.ಎ. ಬಗ್ಗೆ ಕೇಳಿದ್ದೀರಿ. ನನಗೆ ಗೊತ್ತಿಲ್ಲದ ಲೋಕ, ಅದನ್ನು ಮಾಡಿದವರನ್ನೇ ಕೇಳಿ.

ಒಂದು ವಿಷಯ ನೀವು ಬರೆದಿಲ್ಲ. ಎಲ್‌ಎಲ್‌.ಬಿ.ಗೆ ಸಾಮಾನ್ಯ ವರ್ಗಕ್ಕೆ ಡಿಗ್ರಿಯಲ್ಲಿ ಶೇ. 45 ಬೇಕು, ಹಿಂದುಳಿದ ವರ್ಗಕ್ಕೆ 42, ಎಸ್.ಸಿ./ಎಸ್.ಟಿ.ಗೆ 40. ನಿಮ್ಮದು ಐದನೇ ಸೆಮಿಸ್ಟರ್‌ವರೆಗೆ ಒಟ್ಟು ಎಷ್ಟಾಗಿದೆ?