ಕ್ಯಾನ್ಸರ್ ರೋಗಿಗಳಿಗೂ ಮಾರ್ಫಿನ್ ಸಿಗದಂತಾಗಿದ್ದು ಯಾಕೆ? 2014ರಲ್ಲಿ ಬದಲಾಗಿದ್ದೇನು?

ಔಷಧಿಯ ಕೊರತೆಯಿಂದಲ್ಲ, ಪರವಾನಗಿಗಳ ಗೋಜಲಿನಿಂದ. ಅಫೀಮು ಬೆಳೆಯುವ ದೇಶ ನಮ್ಮದು. ಆದರೂ ಅದರಿಂದಲೇ ತಯಾರಾಗುವ ನೋವುನಿವಾರಕ ನಮ್ಮ ರೋಗಿಗಳ ಕೈಗೆಟುಕುತ್ತಿರಲಿಲ್ಲ.

1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆ ಬಹುತೇಕ ಅಪರಾಧಗಳಿಗೆ ಕನಿಷ್ಠ 10 ವರ್ಷ ಜೈಲು ವಿಧಿಸಿತು. ಮಾರ್ಫಿನ್ ಇಟ್ಟುಕೊಳ್ಳುವ ನಿಯಮ ರಾಜ್ಯ ರಾಜ್ಯಕ್ಕೂ ಬೇರೆ. ಅನೇಕ ಕಡೆ ಅಬಕಾರಿ, ಔಷಧ ನಿಯಂತ್ರಣ ಹೀಗೆ ಬೇರೆಬೇರೆ ಇಲಾಖೆಗಳಿಂದ ನಾಲ್ಕೈದು ಪರವಾನಗಿ ಬೇಕಿತ್ತು, ಅವೆಲ್ಲ ಏಕಕಾಲಕ್ಕೆ ಚಾಲ್ತಿಯಲ್ಲಿರಬೇಕಿತ್ತು. ನಾಲ್ಕನೆಯದು ಕೈಸೇರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಲೆಕ್ಕದ ಪುಸ್ತಕದಲ್ಲಿ ಸಣ್ಣ ತಪ್ಪಾದರೂ ಜೈಲಿನ ಭಯ. ಆಸ್ಪತ್ರೆಗಳು ಮಾರ್ಫಿನ್ ತರಿಸುವುದನ್ನೇ ಬಿಟ್ಟವು.

ಇದನ್ನು ಸರಿಪಡಿಸಲು ಹೋರಾಡಿದವರು ಉಪಶಾಮಕ ಆರೈಕೆಯ, ಅಂದರೆ ನೋವು ತಗ್ಗಿಸುವ ಚಿಕಿತ್ಸೆಯ ವೈದ್ಯರು ಮತ್ತು ಸ್ವಯಂಸೇವಕರು. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಅವರಲ್ಲಿ ಪ್ರಮುಖರು. ಮೊದಲು ರಾಜ್ಯಗಳ ನಿಯಮ ಸಡಿಲಿಸಲು ಯತ್ನಿಸಿದರು, 2007ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು, ಜೊತೆಗೆ ಸಂಸದರನ್ನೂ ಅಧಿಕಾರಿಗಳನ್ನೂ ಪಟ್ಟು ಬಿಡದೆ ಕಂಡರು. 2014ರ ಫೆಬ್ರವರಿಯಲ್ಲಿ ಸಂಸತ್ತು ತಿದ್ದುಪಡಿಯನ್ನು ಅಂಗೀಕರಿಸಿತು.

ಈಗ ಮಾರ್ಫಿನ್, ಫೆಂಟಾನಿಲ್, ಮೆಥಡೋನ್ ಸೇರಿ ಆರು ಔಷಧಿಗಳು 'ಅಗತ್ಯ ಮಾದಕ ಔಷಧಿ'ಗಳು. ಅವುಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ. ಆಸ್ಪತ್ರೆ ರಾಜ್ಯದ ಔಷಧ ನಿಯಂತ್ರಕರಿಂದ 'ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ' ಎಂಬ ಮನ್ನಣೆ ಪಡೆದರೆ ಸಾಕು. ಅದಕ್ಕೆ ನೋವಿನ ಚಿಕಿತ್ಸೆಯಲ್ಲಿ ತರಬೇತಾದ ವೈದ್ಯರಿರಬೇಕು, ದಾಸ್ತಾನಿನ ಲೆಕ್ಕವಿಡಬೇಕು, ವರ್ಷಕ್ಕೆ ಬೇಕಾಗುವ ಪ್ರಮಾಣವನ್ನು ಮೊದಲೇ ತಿಳಿಸಬೇಕು.

ನಿಮ್ಮ ಮನೆಯವರಿಗೆ ಬೇಕಿದ್ದರೆ ಬೀದಿಯ ಮೆಡಿಕಲ್ ಶಾಪುಗಳಿಗೆ ಅಲೆಯಬೇಡಿ. ಈ ಮಾನ್ಯತೆ ಇರುವ ಆಸ್ಪತ್ರೆ ಹತ್ತಿರದಲ್ಲಿ ಯಾವುದಿದೆ ಎಂದು ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನೇ ಕೇಳಿ.